ಬಂಗಾರಪೇಟೆಗೆ ಎರಡು ಸಾಲು

ಮೊನ್ನೆಯ ಯುಗಾದಿಗೆ ನಾನು ಸೂಜಿ ಹಿಡಿದು ಒಂದು ವರ್ಷವಾಯಿತು. ಸೂಜಿ ಅಂದರೆ ಕೈಸೂಜಿ. ಮೆಷಿನ್ ಸೂಜಿಯ ಮುಂದೆ ಕೂತು ಇಪ್ಪತ್ತೊಂದು ವರ್ಷವಾಗಿದೆ, ಅದನ್ನು ಹೊಲಿಗೆ ಅಂತ ನಾನೇ ಒಪ್ಪುವುದಿಲ್ಲ. ಹೂಡಿಯ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ತೋಳು ಕೂರಿಸುವವಳು ಬೇರೆ, ಗುಂಡಿ ಹಾಕುವವಳು ಬೇರೆ. ಇಷ್ಟು ವರ್ಷದಲ್ಲಿ ನನ್ನ ಕೈ ದಾಟಿ ಹೋದ ಅಂಗಿಗಳು ಲಕ್ಷಗಟ್ಟಲೆ ಇರಬೇಕು, ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಅಂಗಿಯನ್ನೂ ನಾನು ಹೊಲಿದಿಲ್ಲ. ಯಾರಾದರೂ "ಸುಮಲತ ಟೈಲರು" ಅಂದರೆ ಒಳಗೊಳಗೇ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಬೇಗ ಬರುವ ವಸ್ತು. ನಾನು ಹೇಳಹೊರಟಿರುವುದರಲ್ಲಿ ಅದರ ಪಾಲು ದೊಡ್ಡದು, ಮೊದಲೇ ಹೇಳಿಬಿಡುತ್ತೇನೆ.

ನಾನು ಹೊಲಿಯುವುದು ಬೊಂತೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಜೋಡಿಸಿ, ಕೈಯಲ್ಲಿ ಸಾಲುಸಾಲಾಗಿ ಹೊಲಿಗೆ ಓಡಿಸಿದರೆ ಅದು ಬೊಂತೆ. ಹಾಸಿಕೊಳ್ಳಲೂ ಆಯಿತು, ಹೊದೆಯಲೂ ಆಯಿತು. ಹುಬ್ಬಳ್ಳಿ ಕಡೆಯವರು ಇದನ್ನೇ ಕೌದಿ ಅನ್ನುತ್ತಾರೆ. ನನ್ನ ಮಗಳು ಚಂದನ ಇದಕ್ಕೆ "ಅಮ್ಮನ ಹಾಬಿ" ಅಂತ ಹೆಸರಿಟ್ಟಿದ್ದಾಳೆ. ನನ್ನ ಗಂಡ ಸುಧಾಕರ್ ಮಾತ್ರ ಇವತ್ತಿಗೂ ಅದೇ ರಾಗ ಎಳೆಯುತ್ತಾರೆ. "ದಿನವೆಲ್ಲ ಒಲ್ದಿದ್ದು ಸಾಲ್ದು ಅಂತ ದಾರೀಲೂ ಒಲೀತೀಯಲ್ಲ, ನಿಂಗೇನು ಬ್ಯಾಸರ ಆಗಲ್ವಾ?"

ದಾರಿಯಲ್ಲಿ ಅಂದರೆ ರೈಲಿನಲ್ಲಿ. ನಮ್ಮೂರು ಮಾರಿಕುಪ್ಪಂ ಸ್ಟೇಷನ್ನಿಗೆ ಎರಡು ಮೈಲಿ. ಬೆಳಗಿನ ರೈಲು ಹೊರಡುವುದೇ ಅಲ್ಲಿಂದ, ಹಾಗಾಗಿ ನಮಗೆ ಕಿಟಕಿ ಸೀಟು ತಪ್ಪುವುದಿಲ್ಲ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಬರುವವರೆಗೆ ಆರಾಮವಾಗಿ ಮೊಣಕೈ ಆಡಿಸಬಹುದು. ಬಂಗಾರಪೇಟೆಯಲ್ಲಿ ಜನ ನುಗ್ಗಿದ ಮೇಲೆ ಸೂಜಿ ಇರಲಿ, ಉಸಿರಾಡುವುದಕ್ಕೂ ಜಾಗವಿರುವುದಿಲ್ಲ. ಹೋದ ವರ್ಷ ಯುಗಾದಿಯ ಹಿಂದಿನ ವಾರ ಆ ನೂಕಾಟದಲ್ಲಿಯೇ ನನ್ನ ಫೋನು ಯಾರದೋ ಪಾಲಾಯಿತು. ಹೊಸದು ತೆಗೆದುಕೊಳ್ಳುವವರೆಗೆ ನೋಡುವುದಕ್ಕೆ ಏನೂ ಇಲ್ಲದೆ ಪಕ್ಕದ ಸೀಟಿನ ಶಶಿರೇಖಳ ತಲೆ ತಿನ್ನುತ್ತಿದ್ದೆ.

ಶಶಿರೇಖ ನಂದಿದುರ್ಗ ಗಣಿ ಕಾರ್ಮಿಕರ ಲೈನುಮನೆಯವಳು, ನಮ್ಮ ಗಾರ್ಮೆಂಟ್ಸಿನಲ್ಲೇ ಪ್ಯಾಕಿಂಗ್. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಜಗಳಕ್ಕೆ ಮಾತ್ರ ತೆಲುಗು. ಅವಳೇ ಒಂದು ದಿನ ಹಳೇ ಬಟ್ಟೆಯ ಗಂಟು ತಂದು ನನ್ನ ಮಡಿಲಿಗೆ ಹಾಕಿದಳು. "ಅಕ್ಕಾ, ಬಾಯಿಗೆ ರಜಾ ಕೊಟ್ಟು ಕೈಗೆ ಕೆಲ್ಸ ಕೊಡು. ನಮ್ಮ ಮನೇಗೆ ಒಂದು ಬೊಂತೆ ಒಲ್ಕೊಡು."

ನನಗೆ ಬೊಂತೆ ಹೊಲಿಯಲು ಬರುತ್ತಿರಲಿಲ್ಲ. ಬರುವುದಿಲ್ಲ ಅನ್ನಲು ಮನಸ್ಸೂ ಬರಲಿಲ್ಲ. ದಿನಕ್ಕೆ ಎಷ್ಟೋ ನೂರು ಕಾಲರ್ ಕೂರಿಸುವವಳಿಗೆ ಇದೇನು ಮಹಾ ಅಂದುಕೊಂಡು ಶುರು ಮಾಡಿದೆ. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಎರಡು ಸಾಲು ಆಗುತ್ತಿತ್ತು. ರೈಲು ಎಲ್ಲಾದರೂ ಸಿಗ್ನಲ್ಲಿಗೆ ನಿಂತರೆ ಎರಡೂವರೆ. ನಾಲ್ಕು ಅಂಚಿನಿಂದ ಹೊರಟು ಚೌಕಚೌಕವಾಗಿ ನಡುವಿಗೆ ಬರುವುದು ನನ್ನ ಯೋಜನೆ. ಕಾಗದದ ಮೇಲೆ ಅದು ತುಂಬ ಚೆನ್ನಾಗಿ ಕಾಣುತ್ತಿತ್ತು. ಬಟ್ಟೆಯ ಮೇಲೆ ಆದದ್ದೇ ಬೇರೆ. ಪ್ರತಿ ಸಾಲೂ ಒಂದಿಷ್ಟು ಬಟ್ಟೆಯನ್ನು ಒಳಕ್ಕೆ ತಳ್ಳುತ್ತ ತಳ್ಳುತ್ತ, ಎರಡು ತಿಂಗಳ ಮೇಲೆ ಬೊಂತೆಯ ನಡುವೆ ಒಂದು ಮೊರದಷ್ಟು ಉಬ್ಬು ಎದ್ದು ನಿಂತಿತು. ಕೈಯಿಂದ ತಟ್ಟಿದೆ, ಮೇಲೆ ಕೂತೆ, ಇಸ್ತ್ರಿ ಹಾಕಿದೆ. ಅದು ಜಗ್ಗಲಿಲ್ಲ.

ಆ ಬೊಂತೆಯನ್ನು ಜಗಲಿಯ ಮೇಲೆ ಹರವಿದಾಗ ನಮ್ಮತ್ತೆ ಮುನಿನಾರಾಯಣಮ್ಮ ಅಲ್ಲೇ ಕೂತಿದ್ದರು. ಅವರಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದಿದೆ, ಬೆಳಕು ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಣ್ಣು ಇದ್ದಾಗ ಅವರ ಬೊಂತೆಗೆ ಸುತ್ತ ನಾಲ್ಕು ಊರಿನಲ್ಲಿ ಹೆಸರಿತ್ತು. ಬೇತಮಂಗಲದ ನನ್ನ ತವರಿನಲ್ಲೂ ಅವರು ಹೊಲಿದದ್ದು ಎರಡಿದ್ದವು, ನನ್ನ ಮದುವೆಗೆ ಮೊದಲೇ. ಅತ್ತೆ ಅಂಗೈಯನ್ನು ಬೊಂತೆಯ ಮೇಲೆ ಆಡಿಸುತ್ತ ಬಂದರು, ಉಬ್ಬಿನ ಮೇಲೆ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. ಕೊಟ್ಟಿಗೆಯ ಕಡೆ ಮುಖ ಮಾಡಿ ನಮ್ಮ ಸೀಮೆಹಸುವಿಗೆ ಹೇಳಿದರು. "ನೋಡೇ ಗೌರಿ, ನಮ್ ಜಗಲಿ ಮ್ಯಾಗೇ ಸೈನೈಡ್ ಗುಡ್ಡ ಎದ್ದೈತೆ." ಚಿನ್ನದ ಗಣಿಯಿಂದ ತೆಗೆದ ಮಣ್ಣು ಸುರಿದು ಸುರಿದು ಎದ್ದ ಬೋಳುಗುಡ್ಡಕ್ಕೆ ನಮ್ಮ ಕಡೆ ಸೈನೈಡ್ ಗುಡ್ಡ ಅನ್ನುತ್ತಾರೆ.

ಅವರು ಹಸುವಿಗೆ ಹೇಳಿದ್ದೇಕೆ ಅನ್ನುವುದಕ್ಕೆ ಇಪ್ಪತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು.

ಚಂದನ ಹುಟ್ಟಿದಾಗ ನನ್ನ ಅಮ್ಮ ಮಂಗಮ್ಮ ಬಾಣಂತನಕ್ಕೆ ಒಂದು ಸೀರೆ ಕೊಟ್ಟಿದ್ದಳು. ಕನಕಾಂಬರ ಬಣ್ಣ, ಗಿಳಿಹಸಿರು ಅಂಚು, ಮೆತ್ತನೆಯ ನೂಲಿನದು. ಮೂರು ತಿಂಗಳು ಅದನ್ನೇ ಒಗೆದು ಒಗೆದು ಉಟ್ಟೆ. ಮಗುವಿಗೆ ಐದು ತಿಂಗಳು ತುಂಬುವ ಮೊದಲೇ ಅಮ್ಮ ಹೋದಳು. ಒಂಬತ್ತು ತಿಂಗಳಿಗೆ ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಗಾರ್ಮೆಂಟ್ಸಿಗೆ ಸೇರಿದೆ. ಸೇರಿ ತಿಂಗಳಾಗಿರಬೇಕು, ನೆಂಟರ ಮದುವೆಗೆ ಉಡೋಣ ಅಂತ ಆ ಸೀರೆ ಹುಡುಕಿದರೆ ಇಲ್ಲ. ಟ್ರಂಕಿನಲ್ಲಿಲ್ಲ, ಗೂಟದಲ್ಲಿಲ್ಲ, ಒಗೆಯುವ ಬಟ್ಟೆಯಲ್ಲೂ ಇಲ್ಲ. ಹಿಂದಿನ ವಾರವಷ್ಟೇ ನಾದಿನಿ ಶ್ರುತಿ ತವರಿಗೆ ಬಂದು, ಹೋಗುವಾಗ ತುಂಬಿದ ಚೀಲ ಹಿಡಿದು ಹೋಗಿದ್ದಳು. ನನ್ನ ಬುದ್ಧಿ ನೆಟ್ಟಗೆ ಆ ಚೀಲಕ್ಕೆ ಹೋಯಿತು.

ಹಿತ್ತಿಲಲ್ಲಿ, ಪಕ್ಕದ ಮನೆಯ ಅಮ್ಮಾಜಮ್ಮನಿಗೂ ಕೇಳಿಸುವ ಹಾಗೆ, ಅತ್ತೆಯ ಎದುರು ನಿಂತು ಕೇಳಿದೆ. "ನನ್ ಸೀರೆ ಯಾರಿಗ್ ಕೊಟ್ರಿ?"

"ಯಾರಿಗೂ ಕೊಟ್ಟಿಲ್ಲ. ಮನೇಲೇ ಐತೆ," ಅಂದರು ಅತ್ತೆ.

ಮನೆಯನ್ನು ಬುಡಮೇಲು ಮಾಡಿದೆ. ಸಿಗಲಿಲ್ಲ. ಮತ್ತೆ ಹಿತ್ತಿಲಿಗೆ ಬಂದು, "ಮನೇಲಿಲ್ಲ, ನಿಮ್ ಮಗಳ ಮೈಮ್ಯಾಲೆ ಐತೆ. ಕದ್ದು ಕಳಿಸೋ ಬದ್ಲು ಕೇಳಿದ್ರೆ ನಾನೇ ಕೊಡ್ತಿದ್ದೆ," ಅಂದುಬಿಟ್ಟೆ. ಅತ್ತೆ ನನ್ನನ್ನೇ ಒಂದು ಗಳಿಗೆ ನೋಡಿದರು. ಆಗ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಹಾಗೇ ಒಳಗೆ ಹೋದರು.

ಅಲ್ಲಿಂದ ಶುರುವಾದದ್ದು ನೋಡಿ. ಜಗಳ ಅನ್ನುವ ಹಾಗಿಲ್ಲ, ಮಾತು ಬಿಟ್ಟೆವು ಅನ್ನುವ ಹಾಗೂ ಇಲ್ಲ. "ಮುದ್ದೆ ಆಗೈತೆ." "ಮಾತ್ರೆ ಇಟ್ಟೀನಿ." "ಕರು ಬಿಚ್ಕೊಂಡೈತೆ." ಒಂದೇ ಮನೆಯಲ್ಲಿ ಇಪ್ಪತ್ತೊಂದು ವರ್ಷ ಇಷ್ಟರಲ್ಲೇ ಸಾಗಿಸಿದೆವು. ಅದಕ್ಕಿಂತ ಹೆಚ್ಚಿನದು ಏನಾದರೂ ಇದ್ದರೆ ಅತ್ತೆ ಹಸುವಿಗೆ ಹೇಳುತ್ತಿದ್ದರು, ನಾನು ಪಾತ್ರೆಗಳಿಗೆ ಹೇಳುತ್ತಿದ್ದೆ. ಹಸುಗಳು ಬದಲಾದವು, ಪಾತ್ರೆಗಳು ಬದಲಾದವು. ಶ್ರುತಿ ಬಂದರೆ ನಾನು ಓವರ್‌ಟೈಮ್ ಹಾಕಿಸಿಕೊಳ್ಳುತ್ತಿದ್ದೆ. ಸೀರೆಯ ಆಸೆ ನನಗೆ ಎಂದೋ ಹೋಗಿತ್ತು. ಅದು ಅಮ್ಮ ಕೊಟ್ಟ ಕೊನೆಯದು ಅನ್ನುವುದೊಂದು ಮಾತ್ರ ಮುಳ್ಳಿನ ಹಾಗೆ ಉಳಿದಿತ್ತು, ನಾನು ಅದನ್ನು ಆಗಾಗ ಮುಟ್ಟಿ ನೋವಾಗುತ್ತಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ.

ಉಬ್ಬಿದ ಬೊಂತೆ ಗೌರಿಯ ಕರುವಿನ ಪಾಲಾಯಿತು. ಸೈನೈಡ್ ಗುಡ್ಡ ಅಂದದ್ದು ನನಗೆ ಚುರುಕ್ಕೆಂದಿತ್ತು, ಆದರೆ ಹಸುವಿಗೆ ಹೇಳಿದ ಉಳಿದ ಮಾತುಗಳಿಗೂ ನಾನು ಕಿವಿ ಕೊಟ್ಟಿದ್ದೆ. "ನಡುವಿಂದ ಈಚೆಗೆ ಬರ್ಬೇಕೇ ಗೌರಿ, ಈಚೆಯಿಂದ ನಡುವಿಗಲ್ಲ." ಎರಡನೆಯದನ್ನು ನಡುವಿನಿಂದ ಶುರು ಮಾಡಿದೆ. ಜಗಲಿಯಲ್ಲಿ ಭಾನುವಾರ ಹೊಲಿಯುತ್ತ ಕೂತರೆ ಅತ್ತೆಗೆ ದಾರ ಎಳೆಯುವ ಸದ್ದು ಸಾಕಾಗುತ್ತಿತ್ತು. "ಗೌರೀ, ಮೊಣಕೈಗಿಂತ ಉದ್ದ ದಾರ ತಕ್ಕೊಂಡ್ರೆ ಸಿಕ್ಕಾಗ್ತದೆ ಕಣೆ." ಕತ್ತರಿಯ ಸದ್ದು ಕೇಳಿದರೆ, "ಕತ್ತರಿ ಯಾಕೆ ಬೇಕು, ಹಲ್ಲಲ್ಲಿ ಕಚ್ಚಿ ಅರ್ದ್ರೆ ಬಟ್ಟೆ ತಾನೇ ನೇರ ಬತ್ತದೆ." ನಾನು ಕೇಳಿಸಿಕೊಳ್ಳದವಳ ಹಾಗೆ ಕತ್ತರಿ ಎತ್ತಿಟ್ಟು ಹಲ್ಲಲ್ಲಿ ಕಚ್ಚಿ ಹರಿದೆ. ನೇರವಾಗಿಯೇ ಬಂತು.

ಎರಡನೆಯದು ಶಶಿರೇಖಳ ಮನೆಗೆ ಹೋಯಿತು. ಅವಳ ಗಂಡನ ಹಳೇ ಖಾಕಿ, ಅವಳ ನೈಟಿ, ಮಕ್ಕಳ ಸ್ಕೂಲ್ ಯೂನಿಫಾರಂ ಎಲ್ಲ ಅದರಲ್ಲಿತ್ತು. ಅವಳು ಅದನ್ನು ಬೋಗಿಯ ಎರಡು ಸೀಟುಗಳ ಮೇಲೆ ಹರಡಿ ಎಲ್ಲರಿಗೂ ತೋರಿಸಿದಳು. ಇಡೀ ವಸ್ತು, ಮೊದಲಿನಿಂದ ಕೊನೆಯವರೆಗೆ ನಾನೇ ಹೊಲಿದದ್ದು. ಆವತ್ತು ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುತ್ತ ಒಬ್ಬಳೇ ನಗುತ್ತಿದ್ದೆನಂತೆ, ಸೂಪರ್‌ವೈಸರ್ ಬಂದು ಏನಾಯ್ತಮ್ಮ ಅಂತ ಕೇಳಿದರು.

ಆಷಾಢ ಕಳೆಯುವಷ್ಟರಲ್ಲಿ ಚಂದನ ಬಸುರಿ ಅಂತ ಸುದ್ದಿ ಬಂತು. ಅವಳನ್ನು ಕೊಟ್ಟಿರುವುದು ಬಂಗಾರಪೇಟೆಗೆ. ನಾನು ಆವತ್ತೇ ತೀರ್ಮಾನ ಮಾಡಿದೆ. ಹುಟ್ಟುವ ಮಗುವಿನ ಬೊಂತೆ ನನ್ನ ಕೈಯದೇ ಆಗಬೇಕು. ನನ್ನ ಮಗಳನ್ನು ಅತ್ತೆಯ ಬೊಂತೆಯಲ್ಲಿ ಮಲಗಿಸಿ ನಾನು ರೈಲು ಹತ್ತಿದ್ದೆ, ನನ್ನ ಮೊಮ್ಮಗು ನನ್ನದರಲ್ಲೇ ಮಲಗಬೇಕು, ಅತ್ತೆಯ ಒಂದು ಹೊಲಿಗೆಯೂ ಅದರಲ್ಲಿ ಇರಬಾರದು. ಹಟ ಅಂದರೆ ಹಟವೇ. ಹುಟ್ಟುವ ಮುಂಚೆ ಹೊಸ ಬಟ್ಟೆ ತರಬಾರದು, ಹಳೇ ಬಟ್ಟೆಗೆ ಆ ಕಟ್ಟಿಲ್ಲ. ರೈಲಿನ ಹೆಂಗಸರೆಲ್ಲ ತುಂಡು ತಂದುಕೊಟ್ಟರು. ಸಣ್ಣ ಸಣ್ಣ ಚೌಕ ಹರಿದು, ಹಳದಿಯ ಪಕ್ಕ ನೀಲಿ, ನೀಲಿಯ ಪಕ್ಕ ಗುಲಾಬಿ ಅಂತ ಜೋಡಿಸಿ, ಮೇಲಿನ ಹೊದಿಕೆ ತಯಾರಾಗುವುದಕ್ಕೇ ಕಾರ್ತೀಕ ಮುಗಿಯಿತು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ನಾನು ಮಾಡಿರಲಿಲ್ಲ.

ಪುಷ್ಯದಲ್ಲಿ ಚಂದನ ಹೆರಿಗೆಗೆ ಬಂದಳು. ಬ್ಯಾಗಿನಿಂದ ಮೊದಲು ತೆಗೆದದ್ದೇ ಅವಳ ಹಳೇ ಬೊಂತೆ, ಅತ್ತೆ ಹೊಲಿದದ್ದು. ಮದುವೆಯಾಗಿ ಹೋಗುವಾಗಲೂ ಜೊತೆಗೆ ಒಯ್ದಿದ್ದಳು. ಮೇಲಿನ ಬಟ್ಟೆ ಚಿಂದಿಯಾಗಿ ಒಳಗಿನದು ಅಲ್ಲಲ್ಲಿ ಇಣುಕುತ್ತಿತ್ತು.

"ಅಮ್ಮ, ಮಗೀಗೆ ಇದನ್ನೇ ಸರಿ ಮಾಡ್ಕೊಡು," ಅಂದಳು.

ನಾನು ಹೊಸದನ್ನು ತೋರಿಸಿದೆ. ಕಣ್ಣರಳಿಸಿ ನೋಡಿದಳು. "ಸೂಪರಾಗೈತೆ. ಅದು ಆಮೇಲೆ ಆಗ್ಲಿ. ಮೊದ್ಲು ಇದು. ಇದರಾಗೆ ಮಲಗಿದ್ರೆ ನಂಗೆ ಎಲ್ಲಿದ್ರೂ ನಿದ್ದೆ ಬತ್ತಿತ್ತಮ್ಮ."

ನಾಲ್ಕೈದು ತಿಂಗಳ ಕೆಲಸ "ಆಮೇಲೆ ಆಗ್ಲಿ" ಆಯಿತು. ಆವತ್ತು ಪಾತ್ರೆಗಳಿಗೆ ಸಾಕಷ್ಟು ಮಾತು ಕೇಳಿಸಿದೆ. ಸುಧಾಕರ್ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ಬಾಗಿಲಲ್ಲಿ ನಿಂತು, "ತುಂಬಿದ್ ಬಸುರಿ ಕೇಳವ್ಳೆ, ಮಾಡ್ಕೊಟ್ಬುಡು," ಅಂದರು. ಜಗಲಿಯ ಮೇಲೆ ಅತ್ತೆ ಹಸುವಿಗೂ ಏನೂ ಹೇಳಲಿಲ್ಲ. ಅದೂ ನನಗೆ ಜಂಬದ ಹಾಗೆ ಕಂಡಿತು.

ಮಾರನೆಯ ದಿನ ಬೊಂತೆಯನ್ನು ಚೀಲಕ್ಕೆ ಹಾಕಿಕೊಂಡೇ ರೈಲು ಹತ್ತಿದೆ. ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಮೇಲಿನ ಸಾಲುಗಳನ್ನು ಒಂದೊಂದಾಗಿ ಬಿಚ್ಚುತ್ತ ಕೂತೆ. ಒಂದು ಮಾತು ಹೇಳಬೇಕು, ಅಂಥ ಹೊಲಿಗೆ ನಾನು ನೋಡಿಲ್ಲ. ಎಲ್ಲ ಹೊಲಿಗೆಯೂ ಅಕ್ಕಿಕಾಳಿನಷ್ಟೇ, ಒಂದು ದೊಡ್ಡದಿಲ್ಲ, ಒಂದು ಚಿಕ್ಕದಿಲ್ಲ. ಚಾಂಪಿಯನ್ ದಾಟುವಾಗ ಮೇಲಿನ ಪದರ ಬಿಟ್ಟಿತು. ಅದರ ಕೆಳಗೆ ನಮ್ಮ ಮಾವನ ಪಂಚೆ. ಊರ್ಗಾಂನಲ್ಲಿ ಪಂಚೆಯ ಒಂದು ಮೂಲೆ ಎತ್ತಿದೆ.

ಕನಕಾಂಬರ.

ಮೊದಲು ನನಗೆ ಅರ್ಥವಾಗಲಿಲ್ಲ. ಬೆಳಕು ಕಾಣದೆ ಇದ್ದ ಬಟ್ಟೆ, ಬಣ್ಣ ನಿನ್ನೆಯ ಹಾಗೆ ಇತ್ತು. ಇನ್ನೊಂದು ಗೇಣು ಬಿಚ್ಚಿದೆ. ಗಿಳಿಹಸಿರು ಅಂಚು. ಸೆರಗಿನಲ್ಲಿ ರಾಗಿಕಾಳಿನಷ್ಟು ಒಂದು ತೂತು, ಸುತ್ತ ಕಂದು. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವಾಗ ಕೆಂಡ ಸಿಡಿದು ಆದ ತೂತು ಅದು, ಅಮ್ಮ ನನಗೆ ಬೈದಿದ್ದಳು. ಸೀರೆಗೆ ಕತ್ತರಿ ಮುಟ್ಟಿಸಿರಲಿಲ್ಲ. ಪೂರ್ತಿ ಸೀರೆಯನ್ನು ಮಡಿಸಿ, ಎರಡು ಪಂಚೆಗಳ ನಡುವೆ ಇಟ್ಟು ಹೊಲಿದಿದ್ದರು. ಮನೆಯಲ್ಲೇ ಇತ್ತು. ನನ್ನ ಮಗಳ ಮೈಮೇಲೆ ಇತ್ತು. ನಾನು ಅದನ್ನು ಪ್ರತಿ ಬೆಳಿಗ್ಗೆ ಅವಳ ಭುಜದವರೆಗೆ ಎಳೆದು ಹೊದಿಸಿ ರೈಲಿಗೆ ಓಡುತ್ತಿದ್ದೆ.

"ಎನ್ನಕ್ಕಾ, ಏನಾಯ್ತು?" ಶಶಿರೇಖ ನನ್ನ ಭುಜ ಹಿಡಿದಳು. "ಯಾಕಳ್ತಾ ಇದೀಯಾ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ. ಕಳ್ದೋಗಿದ್ದು ಒಂದು ಸಿಕ್ತು," ಅಂದೆ.

ಬಂಗಾರಪೇಟೆಯಲ್ಲಿ ಇಳಿದುಬಿಟ್ಟೆ. ಇಪ್ಪತ್ತೊಂದು ವರ್ಷದಲ್ಲಿ ಅಲ್ಲಿ ಇಳಿದು ಹಿಂದಕ್ಕೆ ಹೋದದ್ದು ಅದೇ ಮೊದಲು. ವಾಪಸ್ಸು ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಬೊಂತೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ನನಗೆ ನಾಚಿಕೆಯಾಯಿತು. ದುಃಖಕ್ಕಿಂತ ಮೊದಲು ಬಂದದ್ದು ನಾಚಿಕೆಯೇ. ಅಷ್ಟು ವರ್ಷ ಆ ಹೆಂಗಸು ನನ್ನ ಮಗಳಿಗೆ ಸ್ನಾನ ಮಾಡಿಸಿ, ಉಣಿಸಿ, ಸ್ಕೂಲಿಗೆ ಕಳಿಸಿದ್ದರು, ನಾನು ಅವರನ್ನು ಕಳ್ಳಿ ಅಂದುಕೊಂಡೇ ಅವರು ಮಾಡಿದ ಮುದ್ದೆ ತಿಂದಿದ್ದೆ. ಆಮೇಲೆ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಹೆಜ್ಜೆ ಸದ್ದಿಗೆ ಗುರುತು ಹಿಡಿದರು. "ಯಾಕೆ ಇಷ್ಟೊತ್ತಿಗೇ ಬಂದೆ? ಮೈ ಉಸಾರಿಲ್ವಾ?" ನನ್ನನ್ನೇ ನೇರವಾಗಿ ಕೇಳಿದ ಪ್ರಶ್ನೆ, ಎಷ್ಟು ವರ್ಷಕ್ಕೋ. ನಾನು ಮೊರ ಪಕ್ಕಕ್ಕೆ ಸರಿಸಿ ಬೊಂತೆಯನ್ನು ಅವರ ಮಡಿಲಿಗೆ ಹಾಕಿದೆ, ಅವರ ಕೈ ಹಿಡಿದು ಬಿಚ್ಚಿದ ಅಂಚಿನ ಮೇಲೆ ಇಟ್ಟೆ. ಬೆರಳು ಒಳಗೆ ಹೋಯಿತು, ಅಂಚಿನ ನೇಯ್ಗೆಯನ್ನು ಮುಟ್ಟಿ ನಿಂತಿತು.

"ಬಿಚ್ಚಿಬುಟ್ಯಾ," ಅಂದರು.

"ಯಾಕತ್ತಮ್ಮ ಆವತ್ತು ಏಳ್ಲಿಲ್ಲ?"

"ಏಳಿದ್ನಲ್ಲ. ಮನೇಲೇ ಐತೆ ಅಂತ."

"ಇಂಥಾ ಕಡೆ ಐತೆ ಅಂತ ಏಳ್ಬೋದಿತ್ತು."

"ನೀನು ಎಲ್ಲೈತೆ ಅಂತ ಕೇಳಿದ್ಯಾ? ಯಾರಿಗ್ ಕೊಟ್ರಿ ಅಂತ ಕೇಳ್ದೆ." ಅವರ ದನಿ ಏರಲಿಲ್ಲ. ಬೊಂತೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಹೇಳಿದರು. "ನೀನು ರೈಲಿಗೆ ಓದ್ಮೇಲೆ ಮಗ ಒಂದೇ ಸಮ ಅಳ್ತಿತ್ತು. ಆಲು ಕೊಟ್ರೆ ಉಗೀತಿತ್ತು. ಎತ್ಕೊಂಡ್ರೂ ಆಗ್ದು, ತೂಗಿದ್ರೂ ಆಗ್ದು. ಗೂಟದಾಗೆ ನಿನ್ ಸೀರೆ ಇತ್ತು, ಒಗೀದೇ ಇದ್ದಿದ್ದು. ಒದಿಸ್ದೆ. ಸೆರಗು ಮೂಗಿಗೆ ಇಟ್ಕೊಂಡು ಮಲಕ್ಕೊಂಡ್ತು. ಒಂದು ವಾರ ಅಂಗೇ ನಡೀತು. ಬರೀ ಸೀರೆ ಮಕಕ್ಕೆ ಸುತ್ಕೊಂತದೆ ಅಂತ ಭಯ ನಂಗೆ. ಬೊಂತೆ ಒಳಗೆ ಇಟ್ಟು ಒಲ್ದೆ. ನಮ್ ತೌರಲ್ಲಿ ತಾಯಿ ಕೆಲ್ಸಕ್ಕೆ ಓಗೋ ಮನೇಲಿ ಅಂಗೇ ಮಾಡ್ತಿದ್ರು. ಒಳಗೇನೈತೆ ಅಂತ ಬಾಯ್ಬುಟ್ಟು ಏಳ್ಬಾರ್ದು ಅಂತಿದ್ಲು ನಮ್ಮವ್ವ."

"ಅದಕ್ಕೇ ಏಳ್ಲಿಲ್ವಾ?"

"ಅದೊಂದು ನೆಪ ಬುಡು. ನೀನಿದ್ದ ಕೋಪಕ್ಕೆ, ಒಳಗೈತೆ ಅಂದಿದ್ರೆ ಆವಾಗ್ಲೇ ಬಿಚ್ಚಿ ಈಚೆಗೆ ತಗೀತಿದ್ದೆ. ಮಾರನೆ ದಿನ ನೀನು ರೈಲು ಅತ್ತಿ ಓಗೀಯ. ಮಗೀನ ಎಂಗ್ ಮಲಗಿಸ್ಲಿ?"

ಅವರು ಹೇಳಿದ್ದು ನಿಜ. ನಾನು ಖಂಡಿತ ಬಿಚ್ಚುತ್ತಿದ್ದೆ. ಅವರ ಕಾಲ ಬಳಿ ಕೂತು ತಪ್ಪಾಯಿತು ಅಂದೆ. ಆ ಪದ ಹೊರಗೆ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಬಂದ ಮೇಲೆ ಎರಡು ಮೂರು ಸಲ ಹೇಳಿದೆ.

"ನಂದೂ ಜಂಬ ಕಣಮ್ಮ," ಅಂದರು ಅತ್ತೆ. "ಮಗ ದೊಡ್ಡದಾದ್ಮೇಲೆ ಏಳ್ಬೋದಿತ್ತು. ಅವಳೇ ಬಂದು ಕೇಳ್ಲಿ ಅಂತ ಕೂತೆ. ಕೂತು ಕೂತು ಕಣ್ಣೂ ಓಯ್ತು." ಅವರ ಬೆರಳು ಇನ್ನೂ ಸೀರೆಯ ಅಂಚಿನ ಮೇಲೇ ಇತ್ತು. "ಬೇಕಾದ್ರೆ ಈಗ ತಕ್ಕೋ. ನಿಮ್ಮಮ್ಮ ಕೊಟ್ಟಿದ್ದು. ನಾನು ಅರ್ದಿಲ್ಲ."

ಆವತ್ತು ಮಧ್ಯಾಹ್ನ ಶ್ರುತಿಗೆ ಫೋನು ಮಾಡಿದೆ. ಆ ಕನಕಾಂಬರ ಸೀರೆಯ ವಿಷಯದಲ್ಲಿ ನಿನ್ನನ್ನು ಕಳ್ಳಿ ಅಂದುಬಿಟ್ಟಿದ್ದೆ ಶ್ರುತಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅಂದೆ. ಅವಳು ಕೇಳಿದಳು, "ಯಾವ ಸೀರೆ ಅತ್ತಿಗೆ?"

ಅವಳಿಗೆ ಗೊತ್ತೇ ಇರಲಿಲ್ಲ. ಅತ್ತೆ ಸ್ವಂತ ಮಗಳಿಗೂ ಹೇಳಿರಲಿಲ್ಲ. ನಮ್ಮತ್ತಿಗೆಗೆ ಕೆಲಸ ಜಾಸ್ತಿ, ಅದಕ್ಕೇ ಸಿಡುಕು ಅಂತಷ್ಟೇ ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಳು. ಹೋಗಲಿ ಬಿಡಿ, ಹೆರಿಗೆಗೆ ನಾನೂ ಬತ್ತೀನಿ ಅಂದಳು.

ಸೀರೆ ತೆಗೆದಿಟ್ಟುಕೊಳ್ಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಮ್ಮನದು ಅನ್ನುವುದು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಬಿ‍ಚ್ಚಿ ಒಗೆದು ಟ್ರಂಕಿನಲ್ಲಿ ಇಟ್ಟರೆ ಇರುತ್ತಿತ್ತು, ಉಡುವ ಹಾಗಿರಲಿಲ್ಲ, ಮೈತುಂಬ ಸೂಜಿಯ ತೂತು. ಮೂರನೆಯ ದಿನ ಭಾನುವಾರ. ಹೊಸ ಬೊಂತೆಗೆ ಅಂತ ಮಾಡಿಟ್ಟಿದ್ದ ಮೇಲ್‌ಹೊದಿಕೆ ತಂದು, ಅತ್ತೆಯ ಮುಂದೆ ಜಗಲಿಯಲ್ಲಿ ಹಳೇ ಬೊಂತೆಯ ಪಂಚೆ, ಸೀರೆಗಳ ಮೇಲೆ ಹಾಸಿದೆ. ಎರಡರ ಅಳತೆಯೂ ಹೆಚ್ಚುಕಮ್ಮಿ ಒಂದೇ ಬಂತು, ಒಂದು ಕಡೆ ಮಾತ್ರ ನಾಲ್ಕು ಬೆರಳು ಮಡಿಸಬೇಕಾಯಿತು. ಅತ್ತೆಯ ಒಂದು ಹೊಲಿಗೆಯೂ ಇರಬಾರದು ಅಂದಿದ್ದೆನಲ್ಲ, ಆ ಹಟ ಎಲ್ಲಿ ಹೋಯಿತೋ. ನಾನೇ ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಕೊಟ್ಟೆ. ಅವರು ನಡುವಿನಿಂದ ಆ ಕಡೆಗೆ, ನಾನು ನಡುವಿನಿಂದ ಈ ಕಡೆಗೆ. ಕಣ್ಣಿಲ್ಲದವರ ಹೊಲಿಗೆ ನನ್ನದಕ್ಕಿಂತ ನೇರವಿತ್ತು.

"ಮಗೀನ ತಾಯಿದು ಒಂದು ಇಕ್ಕಬೇಕು," ಅಂದರು. ಚಂದನ ಮನೆಯಲ್ಲಿ ಸೀರೆ ಎಲ್ಲಿ ಉಡುತ್ತಾಳೆ, ಅವಳದೊಂದು ನೈಟಿ ಕೇಳಿ ತಂದೆ. ಏತಕ್ಕೆ ಅಂತ ಕೇಳಿದಳು. ಅಳತೆಗೆ ಅಂತ ಸುಳ್ಳು ಹೇಳಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ, ಅದನ್ನು ಅತ್ತೆಗೂ ಹೇಳಲಿಲ್ಲ. ಅವರು ಸ್ನಾನಕ್ಕೆ ಹೋದಾಗ, ಗೂಟದ ಮೇಲಿದ್ದ ಅವರ ಪಾಚಿಬಣ್ಣದ ಹಳೇ ಸೀರೆ ತೆಗೆದು, ಮಡಿಸಿ, ನಾನು ಹೊಲಿಯುವ ಅರ್ಧದ ಕಡೆ ಕನಕಾಂಬರದ ಪಕ್ಕದಲ್ಲಿ ಇಟ್ಟೆ. ಅವರು ಅದನ್ನು ಉಡುತ್ತಿರಲಿಲ್ಲ, ಆಗೊಮ್ಮೆ ಈಗೊಮ್ಮೆ ಮಲಗುವಾಗ ತಲೆಯಡಿ ಇಟ್ಟುಕೊಳ್ಳುತ್ತಿದ್ದರು. ಸೀಗೆಕಾಯಿ ಮತ್ತು ಎಲೆಅಡಿಕೆಯ ವಾಸನೆ ಅದಕ್ಕೆ ಅಂಟಿಕೊಂಡಿತ್ತು.

ಮಾಘದಲ್ಲಿ ಚಂದನಳಿಗೆ ಹೆಣ್ಣುಮಗು ಆಯಿತು. ಬಾಣಂತನಕ್ಕೆ ಶ್ರುತಿ ಬಂದು ಹದಿನೈದು ದಿನ ಇದ್ದಳು. ನಾನು ಓವರ್‌ಟೈಮ್ ಹಾಕಿಸಿಕೊಳ್ಳಲಿಲ್ಲ.

ಈಗ ನಾನು ನಾಲ್ಕನೆಯ ಬೊಂತೆಯ ಮೇಲಿದ್ದೇನೆ, ಅದು ನಮ್ಮ ಮನೆಗೇ. ಅದೇ ರೈಲು, ಅದೇ ಕಿಟಕಿ, ಬಂಗಾರಪೇಟೆಗೆ ಅದೇ ಎರಡು ಸಾಲು. ಸಂಜೆ ಮನೆಗೆ ಬಂದರೆ ಅತ್ತೆ ಕೈ ಚಾಚಿ ಎಷ್ಟಾಯಿತು ಅಂತ ಸವರಿ ನೋಡುತ್ತಾರೆ. ಬೈಯುವುದು ಬಿಟ್ಟಿಲ್ಲ, ಹಸುವಿಗೆ ಹೇಳುವುದು ಬಿಟ್ಟಿದ್ದಾರೆ, ಅಷ್ಟೇ.

ಯುಗಾದಿಯ ದಿನ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಬಂದ ಅತ್ತೆ ಗೂಟ ತಡವಿದರು. ಟ್ರಂಕು ತೆರೆದು ಒಂದೊಂದೇ ಬಟ್ಟೆ ಮುಟ್ಟಿ ನೋಡಿದರು. ಮಂಚದ ಕೆಳಗೂ ಕೈ ಹಾಕಿದರು. ಇಷ್ಟು ದಿನ ಒಗೆಯಲು ಹೋಗಿದೆ, ಎಲ್ಲೋ ಮಡಿಸಿಟ್ಟಿದ್ದಾರೆ ಅಂತ ಸುಮ್ಮನಿದ್ದರೆಂದು ಕಾಣುತ್ತದೆ. ನಾನು ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಸುಮಾ, ನನ್ ಪಾಚಿ ಸೀರೆ ಯಾರಿಗ್ ಕೊಟ್ಟೆ?"

ನನ್ನ ಕೈ ರುಬ್ಬುಗುಂಡಿನ ಮೇಲೇ ನಿಂತಿತು. ಹಿತ್ತಿಲು, ಅಮ್ಮಾಜಮ್ಮ, ನನ್ನ ಆವತ್ತಿನ ದನಿ ಎಲ್ಲ ಒಟ್ಟಿಗೆ ನೆನಪಾದವು.

"ಯಾರಿಗೂ ಕೊಟ್ಟಿಲ್ಲ ಅತ್ತಮ್ಮ," ಅಂದೆ. "ಮನೇಲೇ ಐತೆ."

ಅವರು ಗೋಡೆ ಹಿಡಿದುಕೊಂಡು ನಡುಮನೆಗೆ ಹೋದರು. ತೊಟ್ಟಿಲಲ್ಲಿ ಮಗು ಮಲಗಿತ್ತು. ಅವರ ಅಂಗೈ ಬೊಂತೆಯ ಮೇಲೆ ನಿಧಾನವಾಗಿ ಸಾಲು ದಾಟುತ್ತ ಬಂದು, ನಾನು ಹೊಲಿದ ಅರ್ಧದಲ್ಲಿ ಒಂದು ಕಡೆ ನಿಂತಿತು. ಅಲ್ಲಿ ಬಟ್ಟೆ ಒಂದು ಪದರ ದಪ್ಪವಿದೆ. ಎಷ್ಟೋ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದರು. ಆಮೇಲೆ ಬೊಂತೆಯನ್ನು ಮಗುವಿನ ಭುಜದವರೆಗೆ ಎಳೆದು ಹೊದಿಸಿ, ಹೂರಣಕ್ಕೆ ಏಲಕ್ಕಿ ಹಾಕಿದ್ಯಾ ಅಂತ ಅಲ್ಲಿಂದಲೇ ನನ್ನನ್ನು ಕೇಳಿದರು.